ಇನ್‌ಸ್ಟಾಲ್ ಸ್ಕ್ರಿಪ್ಟ್ ಮತ್ತು ಬಳಕೆದಾರರ ಫೋಲ್ಡರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೋಗ್ರಾಮನ್ನು ಕಂಪ್ಯೂಟರಿಗೆ ಹಾಕುವ ಸ್ಕ್ರಿಪ್ಟ್, ಬಳಕೆದಾರರು ಆರಿಸಿಕೊಂಡ ಫೋಲ್ಡರುಗಳಿಗೆ ಬೆಲೆ ಕೊಡುವುದು ಹೇಗೆ ಅನ್ನೋದು ಇಲ್ಲಿನ ವಿಷಯ. ಈ ಪುಟ ಮುಖ್ಯವಾಗಿ ಲಿನಕ್ಸ್‌ಗೆ ಶೆಲ್ ಸ್ಕ್ರಿಪ್ಟ್ ಬರೆಯುವವರಿಗೆ. ಮ್ಯಾಕ್, ವಿಂಡೋಸ್ ಬಗ್ಗೆಯೂ ಸ್ವಲ್ಪ ಇದೆ. ವೇರಿಯೇಬಲ್, ಕಮಾಂಡ್, ಫೋಲ್ಡರ್ ಹೆಸರುಗಳನ್ನು ಓದೋಕೆ ಸುಲಭವಾಗಲಿ ಅಂತ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಮಾಮೂಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಬಳಸಿ.

ಮಾತಿಗೊಂದು ಉದಾಹರಣೆ ಇರಲಿ. ನೀವೊಂದು ಪುಟ್ಟ ಕನ್ನಡ ಟೂಲ್ ಮಾಡಿದ್ದೀರಿ ಅಂದುಕೊಳ್ಳಿ. ಅದರಲ್ಲಿ ಒಂದು ಕಮಾಂಡ್, ಒಂದು ಸೆಟ್ಟಿಂಗ್ಸ್ ಫೈಲ್, ಒಂದು ಪದಪಟ್ಟಿ, ಜೊತೆಗೆ ಗುಬ್ಬಿ ಅಥವಾ ನವಿಲಿನಂಥ ಒಂದು ಮುಕ್ತ ಫಾಂಟ್ ಇದೆ. ಈ ನಾಲ್ಕನ್ನೂ ಬಳಕೆದಾರರ ಕಂಪ್ಯೂಟರಿನಲ್ಲಿ ಎಲ್ಲಿ ಇಡುತ್ತೀರಿ?

ನನ್ನ ಸ್ಕ್ರಿಪ್ಟ್ ಎಲ್ಲರ ಹತ್ತಿರವೂ ಓಡುತ್ತಿದೆ. ಜಾಗದ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಏನನ್ನೂ ಬದಲಿಸದವರ ಹತ್ತಿರ ಓಡುತ್ತಿದೆ. ಬದಲಿಸಿದವರು ನಿಮಗೆ ಇನ್ನೂ ಸಿಕ್ಕಿಲ್ಲ.

ಫೋಲ್ಡರುಗಳ ಜಾಗ ಬದಲಿಸುವವರು ಶೋಕಿಗೆ ಹಾಗೆ ಮಾಡುವುದು ಕಡಿಮೆ. ಕಾಲೇಜಿನ ಲ್ಯಾಬಿನಲ್ಲಿ ಹೋಮ್ ಫೋಲ್ಡರಿಗೆ ಕೋಟಾ ಇರುತ್ತದೆ. ಸ್ವಲ್ಪ ಜಾಸ್ತಿ ಡೇಟಾ ಬಿದ್ದರೆ ಲಾಗಿನ್ ಆಗೋದೇ ಕಷ್ಟ. ಕೆಲವರ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ ಚಿಕ್ಕದು, ದೊಡ್ಡ ಡಿಸ್ಕ್ ಬೇರೆ ಇರುತ್ತದೆ. ಕೆಲವರು ಸೆಟ್ಟಿಂಗ್ಸ್ ಫೈಲುಗಳನ್ನೆಲ್ಲ ಒಂದೇ ಗಿಟ್ ರೆಪೊದಲ್ಲಿ ಇಟ್ಟುಕೊಂಡು, ಹೊಸ ಕಂಪ್ಯೂಟರಿಗೆ ಹೋದಾಗ ಇಳಿಸಿಕೊಳ್ಳುತ್ತಾರೆ. ಇನ್ನು ಕೆಲವರಿಗೆ ಯಾವುದನ್ನು ಬ್ಯಾಕಪ್ ಮಾಡಬೇಕು, ಯಾವುದನ್ನು ಬಿಡಬೇಕು ಅನ್ನೋ ಲೆಕ್ಕ ಇರುತ್ತದೆ. ಕ್ಯಾಶ್ (ಅಳಿದರೂ ಮತ್ತೆ ಹುಟ್ಟಿಸಬಹುದಾದ ಫೈಲುಗಳು) ಬೇರೆ ಕಡೆ ಇದ್ದರೆ ಬ್ಯಾಕಪ್ ಹಗುರ.

ನಿಮ್ಮ ಸ್ಕ್ರಿಪ್ಟ್ ಇದನ್ನು ನೋಡದೆ ತನ್ನ ಪಾಡಿಗೆ ಹೋಮ್‌ನಲ್ಲಿ ಫೈಲ್ ಬರೆದರೆ ಎರರ್ ಬರುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಸ್ಕ್ರಿಪ್ಟ್ ಒಂದು ಕಡೆ ಬರೆಯುತ್ತದೆ, ಪ್ರೋಗ್ರಾಂ ಇನ್ನೊಂದು ಕಡೆ ಓದುತ್ತದೆ. ಬಳಕೆದಾರರು ಸೆಟ್ಟಿಂಗ್ ಬದಲಿಸುತ್ತಾರೆ, ಏನೂ ಆಗುವುದಿಲ್ಲ. ಮತ್ತೆ ಬದಲಿಸುತ್ತಾರೆ. ಎರಡು ಫೈಲ್ ಇವೆ ಅಂತ ಗೊತ್ತಾಗುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ.

ಹಾಗಾದರೆ ಯಾವ ಫೈಲ್ ಎಲ್ಲಿಗೆ ಹೋಗಬೇಕು?

ಲಿನಕ್ಸ್ ಡೆಸ್ಕ್‌ಟಾಪ್ ಲೋಕದಲ್ಲಿ ಇದಕ್ಕೆ ಒಪ್ಪಿತ ನಿಯಮ ಇದೆ. ಫ್ರೀಡೆಸ್ಕ್‌ಟಾಪ್ ಸಂಸ್ಥೆಯ ಎಕ್ಸ್‌ಡಿಜಿ ಬೇಸ್ ಡೈರೆಕ್ಟರಿ ನಿಯಮ ಅಂತ ಅದರ ಹೆಸರು. ಬಳಕೆದಾರರು ಕೆಲವು ವೇರಿಯೇಬಲ್‌ಗಳಲ್ಲಿ ತಮ್ಮ ಜಾಗವನ್ನು ಹೇಳಿರುತ್ತಾರೆ. ಹೇಳಿಲ್ಲದಿದ್ದರೆ ಒಂದು ಡೀಫಾಲ್ಟ್ ಇದೆ.

ನಮ್ಮ ಉದಾಹರಣೆಗೆ ಹಾಕಿ ನೋಡೋಣ. ಸೆಟ್ಟಿಂಗ್ಸ್ ಫೈಲ್ ಎಕ್ಸ್‌ಡಿಜಿ_ಕಾನ್ಫಿಗ್_ಹೋಮ್ ಒಳಗೆ ಹೋಗಬೇಕು. ಅದು ಇಲ್ಲದಿದ್ದರೆ ~/.ಕಾನ್ಫಿಗ್. ಪದಪಟ್ಟಿ ಎಕ್ಸ್‌ಡಿಜಿ_ಡೇಟಾ_ಹೋಮ್ ಒಳಗೆ, ಇಲ್ಲದಿದ್ದರೆ ~/.ಲೋಕಲ್/ಶೇರ್. ಫಾಂಟ್ ಕೂಡ ಅಲ್ಲೇ, ಫಾಂಟ್ಸ್ ಅನ್ನೋ ಒಳಫೋಲ್ಡರಿನಲ್ಲಿ. ಎಷ್ಟೋ ಹಳೇ ಕೈಪಿಡಿಗಳು ಫಾಂಟನ್ನು ~/.ಫಾಂಟ್ಸ್‌ಗೆ ಹಾಕಿ ಅನ್ನುತ್ತವೆ. ಆ ಜಾಗ ಈಗ ಹಳತಾಯಿತು. ಫಾಂಟುಗಳನ್ನು ಹುಡುಕಿಕೊಡುವ ಫಾಂಟ್‌ಕಾನ್ಫಿಗ್ ಎಕ್ಸ್‌ಡಿಜಿ ಜಾಗವನ್ನು ನೋಡುತ್ತದೆ. ಹಾಕಿದ ಮೇಲೆ ಎಫ್‌ಸಿ-ಕ್ಯಾಶ್ ಓಡಿಸಿದರೆ ಸಾಕು.

ಕಮಾಂಡ್ ~/.ಲೋಕಲ್/ಬಿನ್‌ಗೆ ಹೋಗುತ್ತದೆ. ಇದಕ್ಕೆ ಮಾತ್ರ ನಿಯಮದಲ್ಲಿ ಪ್ರತ್ಯೇಕ ವೇರಿಯೇಬಲ್ ಇಲ್ಲ. ಆದ್ದರಿಂದ ಬದಲಿಸಲು ನೀವೇ ಒಂದು ದಾರಿ ಕೊಡಬೇಕು. ಅಳಿದರೂ ಮತ್ತೆ ಹುಟ್ಟಿಸಬಹುದಾದ ಫೈಲುಗಳು ಎಕ್ಸ್‌ಡಿಜಿ_ಕ್ಯಾಶ್_ಹೋಮ್‌ಗೆ. ಲಾಗ್, ಹಿಸ್ಟರಿ ಥರದವು ಎಕ್ಸ್‌ಡಿಜಿ_ಸ್ಟೇಟ್_ಹೋಮ್‌ಗೆ. ಈ ಕೊನೆಯದು 2021ರಲ್ಲಿ ಬಂದ 0.8ನೇ ಆವೃತ್ತಿಯಲ್ಲಿ ಸೇರಿತು. ಅದರ ಡೀಫಾಲ್ಟ್ ~/.ಲೋಕಲ್/ಸ್ಟೇಟ್. ಅದಕ್ಕೂ ಮುಂಚಿನ ಸ್ಕ್ರಿಪ್ಟುಗಳು ಹಿಸ್ಟರಿಯನ್ನು ಡೇಟಾ ಫೋಲ್ಡರಿಗೆ ತುಂಬುತ್ತಿದ್ದುದು ಈ ಕಾರಣಕ್ಕೇ.

ವೇರಿಯೇಬಲ್ ಇದೆ, ಆದರೆ ಖಾಲಿ ಇದೆ. ಆಗ?

ಇಲ್ಲದೇ ಇರುವುದೂ ಖಾಲಿ ಇರುವುದೂ ನಿಯಮದ ಪ್ರಕಾರ ಒಂದೇ. ಎರಡಕ್ಕೂ ಡೀಫಾಲ್ಟ್ ಬಳಸಬೇಕು. ಶೆಲ್‌ನಲ್ಲಿ ಡೀಫಾಲ್ಟ್ ಕೊಡುವಾಗ ಬರೀ ಹೈಫನ್ ಹಾಕಿದರೆ ವೇರಿಯೇಬಲ್ ಇಲ್ಲದಿದ್ದಾಗ ಮಾತ್ರ ಅದು ಕೆಲಸ ಮಾಡುತ್ತದೆ. ಕೋಲನ್ ಸೇರಿಸಿ ಕೋಲನ್-ಹೈಫನ್ ಮಾಡಿದರೆ ಖಾಲಿಯಾಗಿದ್ದಾಗಲೂ ಕೆಲಸ ಮಾಡುತ್ತದೆ. ಒಂದು ಕೋಲನ್ ಮರೆತರೆ ನಿಮ್ಮ ಫೈಲುಗಳು ಡಿಸ್ಕಿನ ಬೇರಿಗೇ ಹೋಗಲು ಹೊರಡುತ್ತವೆ.

ಇನ್ನೊಂದು ಮಾತು. ಈ ವೇರಿಯೇಬಲ್‌ಗಳಲ್ಲಿ ಸ್ಲ್ಯಾಶ್‌ನಿಂದ ಶುರುವಾಗುವ ಪೂರ್ತಿ ಪಾಥ್ ಇರಬೇಕು. ಅರ್ಧಂಬರ್ಧ ಪಾಥ್ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ ನಿಯಮ ಹೇಳುತ್ತದೆ. ಸುಮ್ನೆ ಬಿಟ್ಟು ಮುಂದೆ ಹೋಗುವ ಬದಲು ಒಂದು ಸಾಲಿನ ಎಚ್ಚರಿಕೆ ತೋರಿಸಿ. ಬಳಕೆದಾರರು ಏನೋ ಹೇಳಿದ್ದಾರೆ, ನೀವು ಅದನ್ನು ಕೇಳುತ್ತಿಲ್ಲ. ಅದು ಅವರಿಗೆ ಗೊತ್ತಾಗಬೇಕು. ಹೊಸ ಫೋಲ್ಡರ್ ಮಾಡಬೇಕಾಗಿ ಬಂದರೆ 0700 ಪರ್ಮಿಷನ್ (ಮಾಲೀಕರಿಗೆ ಮಾತ್ರ ಪ್ರವೇಶ) ಕೊಡಿ. ಅದೂ ನಿಯಮದಲ್ಲೇ ಇದೆ.

ಪ್ರಿಫಿಕ್ಸ್, ಡೆಸ್ಟ್‌ಡಿರ್ ಎರಡೂ ಒಂದೇ ಅಲ್ವಾ?

ಅಲ್ಲ. ಇವೆರಡನ್ನೂ ಬೆರೆಸಿಬಿಟ್ಟರೆ ಡಿಸ್ಟ್ರೊ ಪ್ಯಾಕೇಜ್ ಮಾಡುವವರು ಪರದಾಡುತ್ತಾರೆ.

ಪ್ರಿಫಿಕ್ಸ್ ಅಂದರೆ ಪ್ರೋಗ್ರಾಂ ಕೊನೆಗೆ ಬದುಕುವ ಜಾಗ. ಗ್ನೂ ಪದ್ಧತಿಯಲ್ಲಿ ಅದರ ಡೀಫಾಲ್ಟ್ /ಯುಎಸ್‌ಆರ್/ಲೋಕಲ್. ಬಿಲ್ಡ್ ಟೂಲ್ ಆದ ಸಿಮೇಕ್ ಕೂಡ ಯುನಿಕ್ಸ್ ಮೇಲೆ ಅದನ್ನೇ ಹಿಡಿಯುತ್ತದೆ. ಡೆಸ್ಟ್‌ಡಿರ್ ಅಂದರೆ ಇನ್‌ಸ್ಟಾಲ್ ಮಾಡುವ ಗಳಿಗೆಗೆ ಮಾತ್ರ ಪಾಥಿನ ಮುಂದೆ ಅಂಟಿಸುವ ತಾತ್ಕಾಲಿಕ ಬೇರು. ಡೆಬಿಯನ್ ಅಥವಾ ಫೆಡೋರಾ ಪ್ಯಾಕೇಜ್ ಕಟ್ಟುವವರು ಫೈಲುಗಳನ್ನೆಲ್ಲ ಒಂದು ಖಾಲಿ ಫೋಲ್ಡರಿಗೆ ಇಳಿಸಿ, ಅಲ್ಲಿಂದ ಪ್ಯಾಕೇಜ್ ಮಾಡುತ್ತಾರೆ. ಪ್ರೋಗ್ರಾಮಿನೊಳಗೆ ಬರೆದಿಡುವ ಪಾಥ್‌ನಲ್ಲಿ ಪ್ರಿಫಿಕ್ಸ್ ಇರಬೇಕು. ಡೆಸ್ಟ್‌ಡಿರ್ ಯಾವತ್ತೂ ಇರಬಾರದು. ಇದ್ದರೆ ಪ್ಯಾಕೇಜ್ ಹಾಕಿಕೊಂಡವರ ಪ್ರೋಗ್ರಾಂ ಇನ್ಯಾರದೋ ಬಿಲ್ಡ್ ಫೋಲ್ಡರನ್ನು ಹುಡುಕುತ್ತಾ ಕೂರುತ್ತದೆ.

ಬಿನ್, ಮ್ಯಾನ್ ಪುಟ, ಸೆಟ್ಟಿಂಗ್ಸ್ ಇವನ್ನೂ ಬೇರೆ ಬೇರೆಯಾಗಿ ಬದಲಿಸಲು ಬಿಡಿ. ಗ್ನೂ ಪದ್ಧತಿಯಲ್ಲಿ ಬಿನ್‌ಡಿರ್, ಮ್ಯಾನ್‌ಡಿರ್, ಸಿಸ್‌ಕಾನ್ಫ್‌ಡಿರ್ ಅಂತ ಹೆಸರುಗಳು ಆಗಲೇ ಇವೆ. ಹೊಸ ಹೆಸರು ಹುಟ್ಟಿಸಬೇಡಿ.

ಬಳಕೆದಾರರು ಎರಡು ಮೂರು ಕಡೆ ಹೇಳಿದ್ದರೆ ಯಾವುದನ್ನು ಕೇಳಲಿ?

ಅವರು ಈಗ ಹೇಳಿದ್ದು ಮೊದಲು. ಅಂದರೆ ಕಮಾಂಡಿನ ಜೊತೆ ಟೈಪ್ ಮಾಡಿದ ಆಯ್ಕೆ. ಆಮೇಲೆ ನಿಮ್ಮ ಟೂಲಿಗೇ ಅಂತ ಇರುವ ವೇರಿಯೇಬಲ್. ರಸ್ಟ್ ಭಾಷೆಯವರ ಕಾರ್ಗೋ_ಹೋಮ್, ರಸ್ಟಪ್_ಹೋಮ್ ಇದ್ದ ಹಾಗೆ. ಆಮೇಲೆ ಹಿಂದಿನ ಸಲ ಇನ್‌ಸ್ಟಾಲ್ ಮಾಡಿದಾಗ ಆರಿಸಿದ ಜಾಗ. ಅದಾದ ಮೇಲೆ ಎಕ್ಸ್‌ಡಿಜಿ ವೇರಿಯೇಬಲ್‌ಗಳು. ಕೊನೆಗೆ ಡೀಫಾಲ್ಟ್.

ಮೂರನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. ಮೊದಲ ಸಲ ಬಳಕೆದಾರರು ದೊಡ್ಡ ಡಿಸ್ಕಿಗೆ ಹಾಕಿಕೊಂಡಿರುತ್ತಾರೆ. ಆರು ತಿಂಗಳ ಮೇಲೆ ಅಪ್‌ಡೇಟ್ ಮಾಡುವಾಗ ಅದೇ ಆಯ್ಕೆಯನ್ನು ಮತ್ತೆ ಟೈಪ್ ಮಾಡುವ ನೆನಪು ಅವರಿಗೆ ಇರುವುದಿಲ್ಲ. ಇರಬೇಕು ಅಂತ ನಾವು ಬಯಸುವುದೂ ತಪ್ಪು. ಸ್ಕ್ರಿಪ್ಟೇ ಅದನ್ನು ಸ್ಟೇಟ್ ಫೋಲ್ಡರಿನಲ್ಲಿ ಒಂದು ಚಿಕ್ಕ ಫೈಲಾಗಿ ಬರೆದಿಟ್ಟು ನೆನಪಿಡಬೇಕು.

ಕೆಲಸ ಶುರು ಮಾಡುವ ಮುಂಚೆ ಯಾವ ಜಾಗ ಆರಿಸಿದ್ದೀರಿ, ಯಾಕೆ ಆರಿಸಿದ್ದೀರಿ ಅಂತ ಪರದೆಯ ಮೇಲೆ ತೋರಿಸಿ. "ಸೆಟ್ಟಿಂಗ್ಸ್ ಇಲ್ಲಿಗೆ ಹೋಗುತ್ತದೆ, ಎಕ್ಸ್‌ಡಿಜಿ_ಕಾನ್ಫಿಗ್_ಹೋಮ್ ನೋಡಿ ಆರಿಸಿದೆ" ಅಂತ ಒಂದು ಸಾಲು ಸಾಕು. ನಿಮಗೆ ಬರುವ ದೂರುಗಳಲ್ಲಿ ಎಷ್ಟೋ ಈ ಒಂದು ಸಾಲಿನಿಂದಲೇ ನಿಲ್ಲುತ್ತವೆ.

ನೆಟ್‌ನಿಂದ ಇಳಿಸುವ ಕರ್ಲ್ ಕಮಾಂಡಿನಿಂದ ನೇರವಾಗಿ ಶೆಲ್‌ಗೆ ಪೈಪ್ ಮಾಡುವ ಸ್ಕ್ರಿಪ್ಟಿಗೆ ಆಯ್ಕೆ ಕೊಡುವುದು ಹೇಗೆ?

ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಸಾಲಿನ ಶುರುವಿನಲ್ಲಿ ಪ್ರಿಫಿಕ್ಸ್ ಅಂತ ವೇರಿಯೇಬಲ್ ಕೊಟ್ಟು, ಆಮೇಲೆ ಕರ್ಲ್, ಪೈಪ್, ಶೆಲ್ ಅಂತ ಬರೆದರೆ ಆ ವೇರಿಯೇಬಲ್ ಸಿಗುವುದು ಕರ್ಲ್‌ಗೆ. ಸ್ಕ್ರಿಪ್ಟ್ ಓಡಿಸುವ ಶೆಲ್‌ಗೆ ಸಿಗುವುದೇ ಇಲ್ಲ. ವೇರಿಯೇಬಲ್ ಪೈಪ್ ಆದ ಮೇಲೆ, ಶೆಲ್‌ನ ಮುಂದೆ ಇರಬೇಕು. ನಿಮ್ಮ ರೀಡ್‌ಮಿಯಲ್ಲಿ ಸರಿಯಾದ ಸಾಲನ್ನೇ ಪೂರ್ತಿ ಬರೆದು ಕೊಡಿ. ಜನ ಅದನ್ನು ಕಾಪಿ ಮಾಡುತ್ತಾರೆ.

ಹೀಗೆ ಓಡಿಸಿದಾಗ ಸ್ಟ್ಯಾಂಡರ್ಡ್ ಇನ್‌ಪುಟ್‌ನಲ್ಲಿ ಸ್ಕ್ರಿಪ್ಟೇ ಬರುತ್ತಿರುತ್ತದೆ. "ಎಲ್ಲಿ ಹಾಕಲಿ?" ಅಂತ ಕೇಳಿ ಉತ್ತರವನ್ನು ಅಲ್ಲಿಂದ ಓದಿದರೆ ನಿಮ್ಮದೇ ಸ್ಕ್ರಿಪ್ಟಿನ ಮುಂದಿನ ಸಾಲು ಉತ್ತರವಾಗಿ ಬರುತ್ತದೆ. ಟರ್ಮಿನಲ್ ಇದ್ದರೆ /ಡೆವ್/ಟಿಟಿವೈ ಇಂದ ಓದಿ. ಇಲ್ಲದಿದ್ದರೆ ಕೇಳಲೇಬೇಡಿ, ವೇರಿಯೇಬಲ್ ಮತ್ತು ಡೀಫಾಲ್ಟ್ ನೋಡಿ ಮುಂದೆ ಹೋಗಿ. ಪೂರ್ತಿ ಸ್ಕ್ರಿಪ್ಟನ್ನು ಒಂದು ಫಂಕ್ಷನ್ ಒಳಗಿಟ್ಟು ಕಡೇ ಸಾಲಿನಲ್ಲಿ ಕರೆಯಿರಿ. ನೆಟ್ ಮಧ್ಯದಲ್ಲಿ ಹೋದರೆ ಅರ್ಧ ಸ್ಕ್ರಿಪ್ಟ್ ಓಡುವುದು ಆಗ ತಪ್ಪುತ್ತದೆ.

ಪಾಥ್ ವೇರಿಯೇಬಲ್‌ಗೆ (ಶೆಲ್ ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಗೆ) ನಮ್ಮ ಬಿನ್ ಸೇರಿಸೋಕೆ ಬಳಕೆದಾರರ ಶೆಲ್ ಫೈಲನ್ನು ತಿದ್ದಬಹುದಾ?

ನನ್ನ ಉತ್ತರ: ಕೇಳದೆ ತಿದ್ದಬೇಡಿ. ಯಾವ ಸಾಲು ಸೇರಿಸಬೇಕು ಅಂತ ಪರದೆಯ ಮೇಲೆ ತೋರಿಸಿ, ಅವರೇ ಸೇರಿಸಿಕೊಳ್ಳಲಿ. ಹೊಸಬರಿಗೆ ಇದು ಕಷ್ಟ ಅನ್ನೋ ವಾದ ಇದೆ. ಅದರಲ್ಲೂ ಹುರುಳಿದೆ. ಆದ್ದರಿಂದ ತಿದ್ದುವುದಾದರೆ ಹೌದೋ ಅಲ್ಲವೋ ಕೇಳಿ, ಬೇಡ ಅನ್ನಲು ಒಂದು ಆಯ್ಕೆಯನ್ನೂ ಕೊಡಿ. ರಸ್ಟಪ್ ಇನ್‌ಸ್ಟಾಲರ್‌ಗೆ ನೋ-ಮಾಡಿಫೈ-ಪಾಥ್ ಅನ್ನೋ ಆಯ್ಕೆ ಇದೆ. ನೋಡ್ ಆವೃತ್ತಿಗಳನ್ನು ನೋಡಿಕೊಳ್ಳುವ ಎನ್‌ವಿಎಂ ಇನ್‌ಸ್ಟಾಲರ್‌ಗೆ ಪ್ರೊಫೈಲ್ ವೇರಿಯೇಬಲ್‌ನಲ್ಲಿ /ಡೆವ್/ನಲ್ ಕೊಟ್ಟರೆ ಯಾವ ಫೈಲನ್ನೂ ಮುಟ್ಟುವುದಿಲ್ಲ.

ತಿದ್ದುವಾಗ ಸರಿಯಾದ ಫೈಲನ್ನು ಹುಡುಕುವುದೇ ದೊಡ್ಡ ಕೆಲಸ. ಜೆಡ್‌ಶೆಲ್ ಬಳಸುವವರು ಜೆಡ್‌ಡಾಟ್‌ಡಿರ್ ವೇರಿಯೇಬಲ್ ಕೊಟ್ಟಿದ್ದರೆ ಅವರ .ಜೆಡ್‌ಎಸ್‌ಎಚ್‌ಆರ್‌ಸಿ ಹೋಮ್‌ನಲ್ಲಿ ಇರುವುದೇ ಇಲ್ಲ. ನೀವು ಹೋಮ್‌ನಲ್ಲಿ ಹೊಸದಾಗಿ ಒಂದು ಫೈಲ್ ಹುಟ್ಟಿಸಿ ಸಾಲು ಸೇರಿಸಿದರೆ ಆ ಫೈಲನ್ನು ಯಾರೂ ಓದುವುದಿಲ್ಲ. ಬ್ಯಾಷ್‌ಗೆ ಇಂಥ ವೇರಿಯೇಬಲ್ ಇಲ್ಲ. ಅದರ .ಬ್ಯಾಷ್‌ಆರ್‌ಸಿ ಹೋಮ್‌ನಲ್ಲೇ ಇರುತ್ತದೆ. ಫಿಶ್ ಶೆಲ್‌ನದು ಎಕ್ಸ್‌ಡಿಜಿ_ಕಾನ್ಫಿಗ್_ಹೋಮ್ ಒಳಗೆ.

ಆಮೇಲೆ ಸಿಮ್‌ಲಿಂಕ್ (ಬೇರೆ ಕಡೆಯ ಫೈಲಿಗೆ ದಾರಿ ತೋರಿಸುವ ಕೊಂಡಿ) ವಿಷಯ. ಸೆಟ್ಟಿಂಗ್ಸನ್ನು ಗಿಟ್‌ನಲ್ಲಿ ಇಟ್ಟುಕೊಳ್ಳುವವರು ಗ್ನೂ ಸ್ಟೋ ಥರದ ಟೂಲ್ ಬಳಸಿ ಹೋಮ್‌ನಲ್ಲಿ ಬರೀ ಸಿಮ್‌ಲಿಂಕ್ ಇಟ್ಟಿರುತ್ತಾರೆ. ನೀವು ಗ್ನೂ ಸೆಡ್‌ನ ಹೈಫನ್-ಐ ಆಯ್ಕೆಯಿಂದ ಫೈಲ್ ತಿದ್ದಿದರೆ ಆ ಸಿಮ್‌ಲಿಂಕ್ ಮಾಯವಾಗಿ ಅಲ್ಲೊಂದು ಮಾಮೂಲಿ ಫೈಲ್ ಕೂರುತ್ತದೆ. ಗಿಟ್‌ನಲ್ಲಿರುವ ಅಸಲಿ ಫೈಲ್ ಹಾಗೇ ಉಳಿಯುತ್ತದೆ. ಅಂದಿನಿಂದ ಬಳಕೆದಾರರು ಮಾಡುವ ಬದಲಾವಣೆಗಳು ಗಿಟ್‌ಗೆ ಸೇರುವುದು ನಿಂತುಹೋಗುತ್ತದೆ. ಫಾಲೋ-ಸಿಮ್‌ಲಿಂಕ್ಸ್ ಆಯ್ಕೆ ಕೊಡಿ. ಇಲ್ಲವೇ ಎರಡು ಗ್ರೇಟರ್-ದ್ಯಾನ್ ಗುರುತಿನಿಂದ ಕೊನೆಗೆ ಸೇರಿಸಿ, ಅದು ಸಿಮ್‌ಲಿಂಕಿನ ಮೂಲಕವೇ ಹೋಗುತ್ತದೆ. ನಿಕ್ಸ್ ಹೋಮ್-ಮ್ಯಾನೇಜರ್ ಬಳಸುವವರ ಫೈಲುಗಳನ್ನು ಬರೆಯಲು ಆಗುವುದೇ ಇಲ್ಲ. ಆಗ ಸ್ಕ್ರಿಪ್ಟ್ ನಿಂತುಬಿಡಬಾರದು. ಸಾಲನ್ನು ತೋರಿಸಿ ಉಳಿದ ಕೆಲಸ ಮುಗಿಸಬೇಕು.

ಸೇರಿಸಿದ ಸಾಲಿನ ಮೇಲೆ ಕೆಳಗೆ ನಿಮ್ಮ ಟೂಲಿನ ಹೆಸರಿನ ಕಾಮೆಂಟ್ ಹಾಕಿ. ಎರಡನೇ ಸಲ ಓಡಿದಾಗ ಮತ್ತೆ ಸೇರಿಸಬಾರದು, ತೆಗೆಯುವಾಗ ಅಷ್ಟನ್ನೇ ತೆಗೆಯಬೇಕು.

ಸುಡೋ ಹಾಕಿ ಓಡಿಸಿದರೆ ಏನಾಗುತ್ತದೆ?

ಬಳಕೆದಾರರ ಎಕ್ಸ್‌ಡಿಜಿ ವೇರಿಯೇಬಲ್‌ಗಳನ್ನು ಸುಡೋ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಹೋಮ್ ಕೂಡ ಹೆಚ್ಚಿನ ಕಡೆ ರೂಟ್‌ನ ಹೋಮ್ ಆಗಿಬಿಡುತ್ತದೆ. ಸೆಟ್ಟಿಂಗ್ಸ್ ರೂಟ್‌ನ ಫೋಲ್ಡರಿಗೆ ಹೋಗುತ್ತದೆ. ಹೋಮ್ ಬದಲಾಗದ ಕಡೆ ಇನ್ನೂ ಕೆಟ್ಟದ್ದು: ಬಳಕೆದಾರರ ಫೋಲ್ಡರಿನಲ್ಲಿ ಅವರೇ ತಿದ್ದಲಾಗದ, ರೂಟ್ ಹೆಸರಿನ ಫೈಲುಗಳು ಹುಟ್ಟುತ್ತವೆ.

ಸುಡೋ_ಯೂಸರ್ ನೋಡಿ ಅವರ ಹೋಮ್ ಊಹಿಸುವ ಸ್ಕ್ರಿಪ್ಟುಗಳಿವೆ. /ಹೋಮ್ ಪಕ್ಕ ಹೆಸರು ಅಂಟಿಸಿದರೆ ಆಯಿತು ಅನ್ನುವವರೂ ಇದ್ದಾರೆ. ಅದು ಎಲ್ಲ ಕಡೆ ನಿಜ ಅಲ್ಲ. ಗೆಟೆಂಟ್ ಪಾಸ್‌ವ್ಡ್ ಕೇಳಿದರೆ ನಿಜವಾದ ಹೋಮ್ ಸಿಗುತ್ತದೆ, ಆದರೆ ಎಕ್ಸ್‌ಡಿಜಿ ಆಯ್ಕೆಗಳು ಆಗಲೂ ಸಿಗುವುದಿಲ್ಲ. ಸರಿಯಾದ ದಾರಿ ಅಂದರೆ ಎರಡು ಕೆಲಸಗಳನ್ನು ಬೇರೆ ಮಾಡುವುದು. ಇಡೀ ಕಂಪ್ಯೂಟರಿಗೆ ಸೇರಿದ್ದಕ್ಕೆ ಮಾತ್ರ ಸುಡೋ. ಒಬ್ಬರಿಗೆ ಸೇರಿದ ಸೆಟ್ಟಿಂಗ್ಸನ್ನು ಪ್ರೋಗ್ರಾಂ ಮೊದಲ ಸಲ ಓಡುವಾಗ ತಾನೇ ಮಾಡಿಕೊಳ್ಳಲಿ.

ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಅಥವಾ ಕನ್ನಡ ಅಕ್ಷರ ಇದ್ದರೆ?

ಇದ್ದೇ ಇರುತ್ತದೆ ಅಂದುಕೊಂಡೇ ಬರೆಯಿರಿ. ಪಾಥ್ ಇರುವ ಪ್ರತಿ ವೇರಿಯೇಬಲ್ ಸುತ್ತ ಡಬಲ್ ಕೋಟ್ ಬೇಕು. 2001ರ ನವೆಂಬರಿನಲ್ಲಿ ಬಂದ ಆಪಲ್‌ನ ಐಟ್ಯೂನ್ಸ್ 2.0 ಇನ್‌ಸ್ಟಾಲರ್‌ನಲ್ಲಿ ಇದೇ ತಪ್ಪಿತ್ತು. ಡಿಸ್ಕ್ ಹೆಸರಿನಲ್ಲಿ ಸ್ಪೇಸ್ ಇದ್ದ ಕೆಲವರ ಡೇಟಾ ಅಳಿಸಿಹೋಯಿತು. ಹಳೇ ಆವೃತ್ತಿಯನ್ನು ತೆಗೆಯುವ ಸಾಲಿನಲ್ಲಿ ಪಾಥ್‌ಗೆ ಕೋಟ್ ಇರಲಿಲ್ಲ. ಆಪಲ್ ಅದನ್ನು ವಾಪಸ್ ಪಡೆದು 2.0.1 ಕೊಟ್ಟಿತು.

ಕನ್ನಡದ ವಿಷಯ ನಮಗೆ ಹತ್ತಿರದ್ದು. ಲಿನಕ್ಸ್ ಡೆಸ್ಕ್‌ಟಾಪನ್ನು ಕನ್ನಡದಲ್ಲಿ ಇಟ್ಟುಕೊಂಡವರ ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಫೋಲ್ಡರುಗಳ ಹೆಸರು ಕನ್ನಡದಲ್ಲೇ ಇರಬಹುದು. ಎಕ್ಸ್‌ಡಿಜಿ-ಯೂಸರ್-ಡಿರ್ಸ್ ಅನ್ನೋ ಟೂಲ್ ಬಳಕೆದಾರರ ಭಾಷೆ ನೋಡಿ ಹೆಸರಿಡುತ್ತದೆ. ಯಾವುದಕ್ಕೆ ಏನು ಹೆಸರಿಟ್ಟೆ ಅಂತ ಸೆಟ್ಟಿಂಗ್ಸ್ ಫೋಲ್ಡರಿನ ಯೂಸರ್-ಡಿರ್ಸ್.ಡಿರ್ಸ್ ಫೈಲಿನಲ್ಲಿ ಬರೆದಿಡುತ್ತದೆ. ನಿಮ್ಮ ಸ್ಕ್ರಿಪ್ಟ್ ಹೋಮ್ ಪಕ್ಕ ಇಂಗ್ಲಿಷಿನಲ್ಲಿ ಡೌನ್‌ಲೋಡ್ಸ್ ಅಂತ ಬರೆದರೆ ಇಂಥವರಿಗೆ ಎರಡು ಡೌನ್‌ಲೋಡ್ಸ್ ಫೋಲ್ಡರ್ ಆಗುತ್ತದೆ. ಎಕ್ಸ್‌ಡಿಜಿ-ಯೂಸರ್-ಡಿರ್ ಕಮಾಂಡಿಗೆ ಡೌನ್‌ಲೋಡ್ ಅಂತ ಕೊಟ್ಟು ಕೇಳಿ, ಸರಿಯಾದ ಜಾಗ ಹೇಳುತ್ತದೆ. ಕನ್ನಡದಲ್ಲಿ ಕಂಪ್ಯೂಟರ್ ಬಳಸುವವರಿಗೆ ಕನ್ನಡದವರೇ ಬರೆದ ಸ್ಕ್ರಿಪ್ಟ್ ಹೀಗೆ ಕೈ ಕೊಟ್ಟರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಉದ್ದದ ಲೆಕ್ಕವೂ ಇದೆ. ಎಕ್ಸ್‌ಟ್4 ಫೈಲ್ ಸಿಸ್ಟಮ್‌ನಲ್ಲಿ ಒಂದು ಹೆಸರು 255 ಬೈಟ್ ದಾಟುವ ಹಾಗಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ಅಂದರೆ 85 ಸಂಕೇತ ಅಷ್ಟೇ. ಒತ್ತಕ್ಷರ, ಕಾಗುಣಿತ ಎಲ್ಲ ಬೇರೆ ಬೇರೆ ಸಂಕೇತಗಳಾಗಿ ಲೆಕ್ಕಕ್ಕೆ ಬರುವುದರಿಂದ ಕಣ್ಣಿಗೆ ಕಾಣುವ ಅಕ್ಷರಗಳು ಇನ್ನೂ ಕಡಿಮೆ. ಬಳಕೆದಾರರ ಫೋಲ್ಡರ್ ಹೆಸರಿಗೆ ತಾರೀಕು, ಆವೃತ್ತಿ ಎಲ್ಲ ಸೇರಿಸಿ ಬ್ಯಾಕಪ್ ಹೆಸರು ಮಾಡುವವರು ಇದನ್ನು ಗಮನಿಸಬೇಕು.

~ ಗುರುತು ಹಾಕಿದರೆ ಹೋಮ್ ಅಂತ ಅರ್ಥ ಆಗುತ್ತದಲ್ಲ?

ಶೆಲ್ ಅದನ್ನು ಬಿಡಿಸಿದರೆ ಮಾತ್ರ. ಕೋಟ್ ಒಳಗೆ ಟಿಲ್ಡೆ (ಅಂದರೆ ಈ ~ ಗುರುತು) ಇದ್ದರೆ ಬಿಡಿಸುವುದಿಲ್ಲ. ಆಗ ನಿಜವಾಗಿಯೂ ಟಿಲ್ಡೆ ಅನ್ನೋ ಹೆಸರಿನ ಫೋಲ್ಡರ್ ಹುಟ್ಟುತ್ತದೆ. ಅದನ್ನು ಅಳಿಸಲು ಹೋದವರು ಕೋಟ್ ಇಲ್ಲದೆ ಟೈಪ್ ಮಾಡಿದರೆ ಪೂರ್ತಿ ಹೋಮ್ ಹೋಗುತ್ತದೆ. ಸ್ಕ್ರಿಪ್ಟ್ ಒಳಗೆ ಟಿಲ್ಡೆ ಬಿಟ್ಟು ಹೋಮ್ ವೇರಿಯೇಬಲ್ ಬಳಸಿ.

ಬಳಕೆದಾರರು ಹೈಫನ್-ಹೈಫನ್-ಪ್ರಿಫಿಕ್ಸ್ ಪಕ್ಕ ಈಕ್ವಲ್ ಗುರುತು ಹಾಕಿ ಟಿಲ್ಡೆ ಕೊಟ್ಟರೂ ಬ್ಯಾಷ್ ಅದನ್ನು ಬಿಡಿಸದೆ ನಿಮಗೆ ದಾಟಿಸುತ್ತದೆ. ಆಟೋಕಾನ್ಫ್ ಮಾಡಿದ ಕಾನ್ಫಿಗರ್ ಸ್ಕ್ರಿಪ್ಟುಗಳು ಪೂರ್ತಿ ಪಾಥ್ ಬೇಕು ಅಂತ ಹೇಳಿ ನಿಲ್ಲುತ್ತವೆ. ನೀವೂ ಹಾಗೇ ಮಾಡಿ.

ತೆಗೆದುಹಾಕುವ ಸ್ಕ್ರಿಪ್ಟಿನಲ್ಲಿ ಏನು ಎಚ್ಚರ ಬೇಕು?

ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾಗಿರುವುದೇ ಇಲ್ಲಿ. ತಪ್ಪು ಜಾಗದಲ್ಲಿ ಬರೆದರೆ ಕಿರಿಕಿರಿ. ತಪ್ಪು ಜಾಗದಲ್ಲಿ ಅಳಿಸಿದರೆ ಜನರ ಫೋಟೋ, ಪ್ರಾಜೆಕ್ಟ್, ವರ್ಷಗಳ ಕೆಲಸ ಹೋಗುತ್ತದೆ.

2015ರ ಜನವರಿಯಲ್ಲಿ ಬೆಳಕಿಗೆ ಬಂದ, ಸ್ಟೀಮ್ ಅನ್ನೋ ಗೇಮ್ ಆಪ್‌ನ ಪ್ರಕರಣವನ್ನು ಈ ಕೆಲಸ ಮಾಡುವವರೆಲ್ಲ ತಿಳಿದಿರಬೇಕು. ಲಿನಕ್ಸ್ ಬಳಕೆದಾರರೊಬ್ಬರು ತಮ್ಮ ಸ್ಟೀಮ್ ಫೋಲ್ಡರನ್ನು ಬೇರೆ ಡಿಸ್ಕಿಗೆ ಸರಿಸಿ, ಹಳೇ ಜಾಗದಲ್ಲಿ ಸಿಮ್‌ಲಿಂಕ್ ಇಟ್ಟರು. ಆಮೇಲೆ ಸ್ಟೀಮ್ ಶುರು ಮಾಡಿದರು. ಸ್ಟೀಮ್‌ನ ಸ್ಟಾರ್ಟ್ ಸ್ಕ್ರಿಪ್ಟಿನಲ್ಲಿ ಸ್ಟೀಮ್‌ರೂಟ್ ಅನ್ನೋ ವೇರಿಯೇಬಲ್ ಇತ್ತು. ಸ್ಕ್ರಿಪ್ಟ್ ಇರುವ ಫೋಲ್ಡರಿಗೆ ಸಿಡಿ ಕಮಾಂಡಿನಿಂದ ಹೋಗಿ, ಆ ಜಾಗವನ್ನು ಅದರಲ್ಲಿ ಹಿಡಿದಿಡುತ್ತಿತ್ತು. ಸಿಡಿ ಸೋತರೆ ವೇರಿಯೇಬಲ್ ಖಾಲಿ. ಕೆಳಗಿದ್ದ ಅಳಿಸುವ ಸಾಲು ಸ್ಟೀಮ್‌ರೂಟ್, ಸ್ಲ್ಯಾಶ್, ನಕ್ಷತ್ರ ಅಂತ ಇತ್ತು. ಸ್ಟೀಮ್‌ರೂಟ್ ಖಾಲಿಯಾದ ಮೇಲೆ ಉಳಿದಿದ್ದು ಸ್ಲ್ಯಾಶ್, ನಕ್ಷತ್ರ. ಆ ಬಳಕೆದಾರರ ಕೈಗೆ ಎಟಕುವ ಎಲ್ಲ ಫೈಲುಗಳೂ ಹೋದವು, ಹೊರಗಿನ ಡಿಸ್ಕಿನಲ್ಲಿದ್ದ ಬ್ಯಾಕಪ್ ಸಮೇತ. ಆ ಸಾಲಿನ ಹತ್ತಿರ ಇದು ಭಯದ ಸಾಲು ಅನ್ನೋ ಅರ್ಥದ ಕಾಮೆಂಟನ್ನು ಬರೆದವರೇ ಹಾಕಿದ್ದರು. ಕೋಟ್ ಸರಿಯಾಗಿಯೇ ಇತ್ತು. ಫೋಲ್ಡರ್ ಜಾಗ ಬದಲಾಗಬಹುದು ಅನ್ನೋ ಯೋಚನೆ ಮಾತ್ರ ಇರಲಿಲ್ಲ.

2011ರಲ್ಲಿ ಬಂಬಲ್‌ಬೀ ಅನ್ನೋ ಗ್ರಾಫಿಕ್ಸ್ ಟೂಲಿನ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಒಂದೇ ಒಂದು ಸ್ಪೇಸ್ ಜಾಸ್ತಿ ಬಿದ್ದು, /ಯುಎಸ್‌ಆರ್ ಫೋಲ್ಡರನ್ನೇ ಅಳಿಸುವ ಸಾಲಾಯಿತು. ಪಾಥನ್ನು ಕೈಯಿಂದ ಬರೆದಿದ್ದರ ಫಲ.

ಮಾಡಬೇಕಾದ್ದು ಇಷ್ಟು. ಅಳಿಸುವ ಸಾಲಿನಲ್ಲಿ ವೇರಿಯೇಬಲ್ ಪಕ್ಕ ಕೋಲನ್-ಪ್ರಶ್ನೆ ಗುರುತು ಹಾಕಿ. ವೇರಿಯೇಬಲ್ ಖಾಲಿಯಾಗಿದ್ದರೂ, ವೇರಿಯೇಬಲ್ಲೇ ಇಲ್ಲದಿದ್ದರೂ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಬರೀ ಸೆಟ್ ಹೈಫನ್-ಯು ನಂಬಬೇಡಿ, ಖಾಲಿ ವೇರಿಯೇಬಲ್ ಅದರ ಕಣ್ಣು ತಪ್ಪಿಸುತ್ತದೆ. ಶೆಲ್‌ಚೆಕ್ ಟೂಲ್ ಓಡಿಸಿದರೆ ಈ ತಪ್ಪನ್ನು ಎಸ್‌ಸಿ2115 ಅಂತ ತೋರಿಸುತ್ತದೆ. ಸಿಡಿ ಗೆದ್ದಿತೋ ಸೋತಿತೋ ಪ್ರತಿ ಸಲ ನೋಡಿ.

ಇದಕ್ಕಿಂತ ಒಳ್ಳೆಯದು, ಫೋಲ್ಡರನ್ನೇ ಅಳಿಸದಿರುವುದು. ಹಾಕುವಾಗ ಯಾವ ಯಾವ ಫೈಲ್ ಹಾಕಿದೆ ಅಂತ ಪಟ್ಟಿ ಬರೆದಿಡಿ. ಸಿಮೇಕ್ ಕೂಡ ಇನ್‌ಸ್ಟಾಲ್_ಮ್ಯಾನಿಫೆಸ್ಟ್ ಅಂತ ಒಂದು ಪಟ್ಟಿ ಬಿಡುತ್ತದೆ. ತೆಗೆಯುವಾಗ ಆ ಪಟ್ಟಿಯಲ್ಲಿರುವ ಫೈಲುಗಳನ್ನು ಮಾತ್ರ ಅಳಿಸಿ. ಫೋಲ್ಡರಿಗೆ ಆರ್‌ಎಂಡಿರ್ ಬಳಸಿ. ಒಳಗೆ ಬಳಕೆದಾರರದ್ದು ಏನಾದರೂ ಇದ್ದರೆ ಅದು ಅಳಿಸಲು ಒಪ್ಪುವುದಿಲ್ಲ. ಸೆಟ್ಟಿಂಗ್ಸ್ ಫೈಲನ್ನು ಕೇಳದೆ ತೆಗೆಯಲೇಬೇಡಿ.

ಹಳೇ ಆವೃತ್ತಿ ಹೋಮ್‌ನಲ್ಲೇ ಡಾಟ್ ಫೋಲ್ಡರ್ ಮಾಡಿತ್ತು. ಈಗ ಸರಿಸಲಾ?

ನೀವಾಗಿಯೇ ಸರಿಸಬೇಡಿ. ಗಿಟ್ ಇದನ್ನು ಚೆನ್ನಾಗಿ ಮಾಡಿದೆ. ಅದು ಹೋಮ್‌ನ .ಗಿಟ್‌ಕಾನ್ಫಿಗ್ ಮತ್ತು ಎಕ್ಸ್‌ಡಿಜಿ ಜಾಗದ ಗಿಟ್/ಕಾನ್ಫಿಗ್ ಎರಡನ್ನೂ ಓದುತ್ತದೆ. ಬರೆಯುವಾಗ ಹಳೇ ಫೈಲ್ ಇದ್ದರೆ ಅದಕ್ಕೇ ಬರೆಯುತ್ತದೆ. ಅದು ಇಲ್ಲದೆ ಹೊಸ ಜಾಗದ ಫೈಲ್ ಇದ್ದರೆ ಅಲ್ಲಿಗೆ. ಬಳಕೆದಾರರು ಫೈಲ್ ಸರಿಸಿದ ದಿನವೇ ಗಿಟ್ ಅವರ ಹಿಂದೆ ಹೋಗುತ್ತದೆ. ಹೇಗೆ ಸರಿಸುವುದು ಅಂತ ಒಂದು ಸಾಲು ತೋರಿಸಿ, ನಿರ್ಧಾರ ಅವರಿಗೆ ಬಿಡಿ.

ಇನ್‌ಸ್ಟಾಲ್ ವೇಳೆ ಸಿಕ್ಕ ಪಾಥನ್ನು ಫೈಲುಗಳೊಳಗೆ ಬರೆದಿಡಬೇಕಾ?

ಕೆಲವು ಕಡೆ ಬೇರೆ ದಾರಿಯಿಲ್ಲ. ಮೆನುವಿನಲ್ಲಿ ಕಾಣಿಸುವ ಡಾಟ್-ಡೆಸ್ಕ್‌ಟಾಪ್ ಫೈಲಿನ ಎಕ್ಸಿಕ್ ಸಾಲಿನಲ್ಲಿ ಟಿಲ್ಡೆಯಾಗಲಿ ಹೋಮ್ ವೇರಿಯೇಬಲ್ ಆಗಲಿ ಕೆಲಸ ಮಾಡುವುದಿಲ್ಲ. ಕಮಾಂಡ್ ಇರುವ ಫೋಲ್ಡರ್ ಪಾಥ್ ವೇರಿಯೇಬಲ್‌ನಲ್ಲಿ ಇಲ್ಲದಿದ್ದರೆ ಪೂರ್ತಿ ಪಾಥ್ ಬರೆಯಬೇಕು. ಉಳಿದ ಕಡೆ ಪ್ರೋಗ್ರಾಂ ಓಡುವಾಗಲೇ ಹುಡುಕಿಕೊಳ್ಳುವುದು ಒಳ್ಳೆಯದು.

ಒಂದು ಸೂಕ್ಷ್ಮ ಇದೆ. ಎಷ್ಟೋ ಜನ ಎಕ್ಸ್‌ಡಿಜಿ ವೇರಿಯೇಬಲ್‌ಗಳನ್ನು ಶೆಲ್ ಫೈಲಿನಲ್ಲಿ ಮಾತ್ರ ಕೊಟ್ಟಿರುತ್ತಾರೆ. ಸಿಸ್ಟಮ್‌ಡಿ ಶುರು ಮಾಡುವ ಬಳಕೆದಾರರ ಸರ್ವೀಸುಗಳಿಗೆ ಆ ಫೈಲ್ ಗೊತ್ತೇ ಇಲ್ಲ. ಟರ್ಮಿನಲ್‌ನಲ್ಲಿ ಒಂದು ಜಾಗ, ಸರ್ವೀಸ್‌ನಲ್ಲಿ ಇನ್ನೊಂದು ಜಾಗ ಆಗುತ್ತದೆ. ನಿಮ್ಮ ಟೂಲ್ ಸರ್ವೀಸ್ ಹಾಕುವುದಾದರೆ ಯೂನಿಟ್ ಫೈಲಿನಲ್ಲೇ ಆರಿಸಿದ ಜಾಗವನ್ನು ಎನ್ವಿರಾನ್‌ಮೆಂಟ್ ಸಾಲಾಗಿ ಬರೆಯಿರಿ. ಬಳಕೆದಾರರು ಸೆಟ್ಟಿಂಗ್ಸ್ ಫೋಲ್ಡರಿನ ಎನ್ವಿರಾನ್‌ಮೆಂಟ್.ಡಿ ಒಳಗೂ ಹೇಳಬಹುದು.

ಬೇರೆ ಟೂಲಿನ ಫೋಲ್ಡರಿಗೆ ಏನಾದರೂ ಹಾಕಬೇಕಾದರೆ?

ಆ ಟೂಲನ್ನೇ ಕೇಳಿ. ಪೈಥಾನ್‌ನ ಸೈಟ್ ಮಾಡ್ಯೂಲ್ ಯೂಸರ್-ಬೇಸ್ ಹೇಳುತ್ತದೆ. ಎನ್‌ಪಿಎಂ ತನ್ನ ಪ್ರಿಫಿಕ್ಸ್ ಹೇಳುತ್ತದೆ. ಬ್ಯಾಷ್ ಕಂಪ್ಲೀಷನ್ ಫೋಲ್ಡರ್ ಎಲ್ಲಿದೆ ಅಂತ ಪಿಕೆಜಿ-ಕಾನ್ಫಿಗ್ ಹೇಳುತ್ತದೆ. ಪ್ಯಾಕೇಜ್ ಹಾಕುವ ಹೋಮ್‌ಬ್ರೂ ಟೂಲಿನ ಜಾಗ ಇಂಟೆಲ್ ಮ್ಯಾಕ್‌ನಲ್ಲಿ /ಯುಎಸ್‌ಆರ್/ಲೋಕಲ್, ಆಪಲ್ ಸಿಲಿಕಾನ್‌ನಲ್ಲಿ /ಆಪ್ಟ್/ಹೋಮ್‌ಬ್ರೂ. ಬ್ರೂ-ಪ್ರಿಫಿಕ್ಸ್ ಕೇಳದೆ ಹಳೇ ಜಾಗ ಬರೆದಿಟ್ಟಿದ್ದ ಸ್ಕ್ರಿಪ್ಟುಗಳು ಹೊಸ ಮ್ಯಾಕ್ ಬಂದಾಗ ಕೈ ಕೊಟ್ಟವು.

ಮ್ಯಾಕ್, ವಿಂಡೋಸ್‌ಗೆ ಏನು ನಿಯಮ?

ಮ್ಯಾಕ್‌ನಲ್ಲಿ ಆಪ್‌ಗಳ ಡೇಟಾ ಲೈಬ್ರರಿ/ಅಪ್ಲಿಕೇಷನ್ ಸಪೋರ್ಟ್ ಒಳಗೆ. ಹೆಸರಿನಲ್ಲೇ ಸ್ಪೇಸ್ ಇದೆ, ಗಮನಿಸಿ. ಟರ್ಮಿನಲ್ ಟೂಲ್ ಆದರೆ ಬಳಕೆದಾರರು ಎಕ್ಸ್‌ಡಿಜಿ ವೇರಿಯೇಬಲ್ ಕೊಟ್ಟಿದ್ದಾಗ ಅದನ್ನೇ ಕೇಳುವುದು ವಾಸಿ. ಕೊಟ್ಟಿದ್ದಾರೆ ಅಂದರೆ ಬೇಕು ಅಂತಲೇ ಕೊಟ್ಟಿದ್ದಾರೆ.

ವಿಂಡೋಸ್‌ನಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರ್ ಸಿ ಡ್ರೈವಿನ ಯೂಸರ್ಸ್ ಒಳಗೇ ಇರುತ್ತದೆ ಅಂತ ನಂಬಬೇಡಿ. ವನ್‌ಡ್ರೈವ್ ಬ್ಯಾಕಪ್ ಆನ್ ಇದ್ದರೆ ಅದು ವನ್‌ಡ್ರೈವ್ ಒಳಗೆ ಹೋಗಿರುತ್ತದೆ. ಡಿ ಡ್ರೈವಿಗೆ ಸರಿಸಿಕೊಂಡವರೂ ಬಹಳ. ಪವರ್‌ಶೆಲ್‌ನಲ್ಲಿ ಗೆಟ್‌ಫೋಲ್ಡರ್‌ಪಾಥ್ ಬಳಸಿ ಕೇಳಿ. ಪವರ್‌ಶೆಲ್‌ನ ಪ್ರೊಫೈಲ್ ಫೈಲಿಗೂ ಪ್ರೊಫೈಲ್ ಅನ್ನೋ ವೇರಿಯೇಬಲ್ ಇದೆ.

ಇದನ್ನೆಲ್ಲ ಪರೀಕ್ಷೆ ಮಾಡುವುದು ಹೇಗೆ?

"ನನ್ನ ಮನೆ" ಅಂತ ಸ್ಪೇಸ್ ಸಮೇತ ಕನ್ನಡ ಹೆಸರಿನ ಒಂದು ತಾತ್ಕಾಲಿಕ ಫೋಲ್ಡರ್ ಮಾಡಿ, ಅದನ್ನೇ ಹೋಮ್ ಅಂತ ಕೊಡಿ. ನಾಲ್ಕೂ ಎಕ್ಸ್‌ಡಿಜಿ ವೇರಿಯೇಬಲ್‌ಗಳನ್ನು ಅದರ ಹೊರಗಿನ ಬೇರೆ ಬೇರೆ ಫೋಲ್ಡರುಗಳಿಗೆ ತಿರುಗಿಸಿ. ಕಮಾಂಡಿಗೂ ಬೇರೆ ಬಿನ್ ಫೋಲ್ಡರ್ ಕೊಟ್ಟು ಸ್ಕ್ರಿಪ್ಟ್ ಓಡಿಸಿ. ಮುಗಿದ ಮೇಲೆ ಆ ಹೋಮ್ ಖಾಲಿಯೇ ಇರಬೇಕು. ಅಲ್ಲೇನಾದರೂ ಕಂಡರೆ ಸ್ಕ್ರಿಪ್ಟಿನಲ್ಲಿ ಎಲ್ಲೋ ಒಂದು ಪಾಥ್ ಕೈಯಿಂದ ಬರೆದಿದೆ ಅಂತ ಅರ್ಥ.

ಆಮೇಲೆ ಆ ಹೋಮ್‌ಗೆ ಬರೆಯುವ ಪರ್ಮಿಷನ್ ತೆಗೆದು ಇನ್ನೊಮ್ಮೆ ಓಡಿಸಿ. ಇದನ್ನು ರೂಟ್ ಆಗಿ ಮಾಡಬೇಡಿ, ರೂಟ್‌ಗೆ ಪರ್ಮಿಷನ್ ಅಡ್ಡಿಯಾಗುವುದಿಲ್ಲ. ವೇರಿಯೇಬಲ್‌ಗಳನ್ನು ಖಾಲಿ ಮಾಡಿ ಓಡಿಸಿ. ಹಾಕಿ, ತೆಗೆದು, ಮುಂಚಿನ ಫೈಲ್ ಪಟ್ಟಿಗೂ ಆಮೇಲಿನ ಪಟ್ಟಿಗೂ ವ್ಯತ್ಯಾಸ ನೋಡಿ. ಎಲ್ಲಿ ಬರೆಯುತ್ತಿದೆ ಅಂತ ಗೊತ್ತಾಗದಿದ್ದರೆ ಎಸ್‌ಟ್ರೇಸ್ ತೋರಿಸುತ್ತದೆ. ತಾತ್ಕಾಲಿಕ ಫೈಲಿಗೆ ಎಂಕೆಟೆಂಪ್ ಬಳಸಿದರೆ ಟಿಎಂಪಿಡಿರ್ ಆಯ್ಕೆಗೂ ಬೆಲೆ ಕೊಟ್ಟ ಹಾಗಾಯಿತು. ಕೆಲವು ಸರ್ವರುಗಳಲ್ಲಿ /ಟಿಎಂಪಿ ಒಳಗಿಂದ ಪ್ರೋಗ್ರಾಂ ಓಡಿಸಲು ಬಿಡುವುದಿಲ್ಲ. ಅಲ್ಲಿ ಇದು ಬೇಕೇ ಬೇಕು.

ನಾನು ಬರೀ ಬಳಕೆದಾರ. ಒಂದು ಸ್ಕ್ರಿಪ್ಟ್ ನನ್ನ ಜಾಗ ಕೇಳುತ್ತಿಲ್ಲ. ಏನು ಮಾಡಲಿ?

ಮೊದಲು ಸ್ಕ್ರಿಪ್ಟ್ ಇಳಿಸಿಕೊಂಡು ಓದಿ. ರೀಡ್‌ಮಿಯಲ್ಲಿ ಹೇಳದ ವೇರಿಯೇಬಲ್ ಒಳಗೆ ಎಷ್ಟೋ ಸಲ ಇರುತ್ತದೆ. ಇಲ್ಲದಿದ್ದರೆ ಅದೊಂದು ಕಮಾಂಡಿಗೆ ಮಾತ್ರ ಹೋಮ್ ವೇರಿಯೇಬಲ್ ಬದಲಿಸಿ ಓಡಿಸಬಹುದು. ಆದರೆ ಮುಂದೆ ಆ ಪ್ರೋಗ್ರಾಂ ಓಡುವಾಗಲೂ ಹಾಗೇ ಮಾಡಬೇಕಾಗಬಹುದು. ಹೋಮ್‌ನಲ್ಲಿ ಒಂದು ಸಿಮ್‌ಲಿಂಕ್ ಇಟ್ಟು ಅದನ್ನು ನಿಮ್ಮ ಜಾಗಕ್ಕೆ ತೋರಿಸುವುದು ಇನ್ನೊಂದು ದಾರಿ. ಸ್ಟೀಮ್ ಕತೆ ನೆನಪಿಟ್ಟುಕೊಂಡು, ಮೊದಲು ಆ ಸ್ಕ್ರಿಪ್ಟ್ ಏನನ್ನು ಅಳಿಸುತ್ತದೆ ಅಂತ ನೋಡಿ.

ಆಮೇಲೆ ಬರೆದವರಿಗೆ ತಿಳಿಸಿ. ಎಕ್ಸ್‌ಡಿಜಿ ಪಾಲಿಸಿ ಅಂತ ಒಂದು ಮಾತು ಬರೆದರೆ ಯಾರೂ ತಲೆ ಹಾಕುವುದಿಲ್ಲ. ನಿಮ್ಮ ವೇರಿಯೇಬಲ್ ಏನಿತ್ತು, ಫೈಲ್ ಎಲ್ಲಿಗೆ ಹೋಗಬೇಕಿತ್ತು, ಎಲ್ಲಿಗೆ ಹೋಯಿತು, ಸ್ಕ್ರಿಪ್ಟಿನ ಯಾವ ಸಾಲು ಅಂತ ಬರೆಯಿರಿ. ಆಗುವುದಾದರೆ ತಿದ್ದುಪಡಿಯನ್ನೂ ಕಳಿಸಿ. ಹಳೇ ಫೋಲ್ಡರ್ ಇದ್ದವರಿಗೆ ಏನೂ ಬದಲಾಗದ ಹಾಗೆ ಅದನ್ನು ಬರೆದಿದ್ದರೆ, ಒಪ್ಪಿಕೊಳ್ಳುವವರಿಗೂ ಧೈರ್ಯ ಬರುತ್ತದೆ.